ಕಲ್ಲಿನ ಮೇಲೆ ಒಂದು ಸಾಲಿನ ಜಾಗ

ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಆ ದಿನ ನಾನು ಏನು ನೋಡಿದೆ ಎಂಬುದು ನನಗೆ ಖಚಿತವಿಲ್ಲ. ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದದ್ದು ಇದು: ರೈಲು ಬಂದು ನಿಂತಿತು, ತ್ರಿವರ್ಣ ಧ್ವಜ ಹೊದಿಸಿದ ನನ್ನ ಗೆಳೆಯನ ಶವಪೆಟ್ಟಿಗೆಯನ್ನು ನಾಲ್ವರು ಸೈನಿಕರು ಹೆಗಲು ಕೊಟ್ಟು ಇಳಿಸಿದರು, ನನ್ನ ಪಕ್ಕದಲ್ಲಿದ್ದ ಅವನ ಅಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ನೆಲಕ್ಕೆ ಹಾಸಿದರು. ಧ್ವಜದ ಮಡಿಕೆ ಕಣ್ಣಿಗೆ ಕಟ್ಟಿದೆ, ಸೈನಿಕರ ಬೂಟಿನ ಸದ್ದು ಕಿವಿಯಲ್ಲಿದೆ. ಅಷ್ಟೊಂದು ಸ್ಪಷ್ಟವಾಗಿರುವುದೇ ನನಗೆ ಅನುಮಾನ ತರಬೇಕಿತ್ತು. ಕಾಲೇಜಿನಲ್ಲಿ ಪಾಠ ಹೇಳುವಾಗ, ಸಾಕ್ಷಿ ಬಹಳ ಸೊಗಸಾಗಿ ಮಾತಾಡಿದರೆ ಇನ್ನೊಂದು ಸಲ ಕೇಳಿ ಎಂದು ಹುಡುಗರಿಗೆ ಹೇಳುತ್ತಿದ್ದವನು ನಾನು. ನನ್ನನ್ನು ನಾನೇ ಇನ್ನೊಂದು ಸಲ ಕೇಳಿಕೊಳ್ಳಲಿಲ್ಲ. ಅದರ ಫಲ ಉಂಡವಳು ಬೇರೆಯವಳು.

ಅವನೂ ನಾನೂ ಅಜ್ಜಂಪುರದಲ್ಲಿ ಎಸ್ಸೆಸ್ಸೆಲ್ಸಿವರೆಗೆ ಒಂದೇ ಬೆಂಚಿನಲ್ಲಿ ಕೂತವರು. ನಮ್ಮ ಹೊಲ, ಅವರ ಹೊಲ ಒಂದೇ ಬದುವಿನ ಆಚೆ ಈಚೆ. ಎರಡೂ ಮನೆಯವರು ಮುಂಗಾರಿಗೆ ಈರುಳ್ಳಿ ಹಾಕುತ್ತಿದ್ದರು. ಶಾಲೆ ಮುಗಿದ ಮೇಲೆ ನಾನು ಓದುತ್ತಾ ಮೈಸೂರು ಸೇರಿದೆ. ಅವನು ಓಡಿ ತೋರಿಸಿ, ಎದೆಯ ಅಳತೆ ಕೊಟ್ಟು ಸೈನ್ಯ ಸೇರಿದ. ಶ್ರೀಲಂಕಾದ ಅಂತರ್ಯುದ್ಧ ನಿಲ್ಲಿಸುತ್ತೇವೆಂದು ನಮ್ಮ ಸರ್ಕಾರ 1987ರಲ್ಲಿ ಶಾಂತಿಪಡೆ ಕಳಿಸಿದಾಗ ಅದರಲ್ಲಿ ಅವನಿದ್ದ. ಆ ವರ್ಷ ಮುಗಿಯುವುದರೊಳಗೆ ಜಾಫ್ನಾದಲ್ಲಿ ಸತ್ತ. ಇಪ್ಪತ್ಮೂರು ವಯಸ್ಸು. ಅದೇ ಹೊತ್ತಿಗೆ ನಾನು ಎಂ.ಎ. ಎರಡನೇ ವರ್ಷದಲ್ಲಿ ಕೂತು, ಅದೇ ಯುದ್ಧದ ಮೂಲ ಮತ್ತು ಅಂತರರಾಷ್ಟ್ರೀಯ ಆಯಾಮಗಳ ಬಗ್ಗೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಪರೀಕ್ಷೆಗೆ ಆ ಪ್ರಶ್ನೆ ಬಂತು. ಚೆನ್ನಾಗಿ ಬರೆದೆ. ನನ್ನ ಉತ್ತರದಲ್ಲಿ ದೇಶಗಳಿದ್ದವು, ಒಪ್ಪಂದಗಳಿದ್ದವು, ಅವನು ಇರಲಿಲ್ಲ.

ಕಳೆದ ವರ್ಷ ಅವನ ತಂಗಿ ತರೀಕೆರೆಯ ನನ್ನ ಮನೆಗೆ ಬಂದಳು. ಅವಳನ್ನು ಕೊಟ್ಟಿರುವುದು ಯಗಟಿಗೆ. ಕುರಿ, ನಾಲ್ಕು ತೆಂಗಿನ ಮರ ಇರುವ ಮನೆ. ಎರಡು ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಮಡಿಸಿ ಮಡಿಸಿ ಸವೆದ ಕಾಗದಗಳು.

"ಅಣ್ಣ, ಕಡೂರಲ್ಲಿ ಕಲ್ಲು ನಿಲ್ಲಿಸ್ತಾರಂತೆ. ಈ ಕಡೆಯಿಂದ ಯುದ್ಧಕ್ಕೆ ಹೋಗಿ ಸತ್ತೋರ ಹೆಸ್ರೆಲ್ಲ ಕೆತ್ತುಸ್ತಾರಂತೆ. ನಮ್ಮಣ್ಣಂದು ಇಲ್ಲ ಅದ್ರಾಗೆ."

"ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ನಾನೇ ಹೋಗಿ ಪಟ್ಟಿ ಓದ್ಕೊಂಡ್ ಬಂದೀನಿ. ಅರ್ಜಿ ಕೊಡಿ ಅಂದ್ರು. ನೀನು ಬರ್ಕೊಡು. ನಂಗೂ ಬರ್ಯಕ್ ಬತ್ತದೆ, ಆದ್ರೆ ಅವ್ರಿಗೆ ಬೇಕಾದಂಗೆ ಬರ್ಯಕ್ ಬರಲ್ಲ."

ಅವಳಿಗೆ ಬೇಕಿದ್ದದ್ದು ಇಷ್ಟೇ, ಆ ಕಲ್ಲಿನ ಮೇಲೆ ಒಂದು ಸಾಲು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅಂದಳು: "ಗುಡ್ಡೆ ಅಂತ ಒಂದಿಲ್ಲ ಕಣಣ್ಣ. ವರ್ಸಕ್ಕೊಂದ್ಸಲ ಎಡೆ ಇಕ್ಕಾಕೆ ಎಲ್ಲಿಗೆ ಹೋಗಾನ? ಅವ್ನ ಹೆಸ್ರು ಇರೋ ಕಲ್ಲಾದ್ರೂ ಇರ್ಲಿ." ಗುಡ್ಡೆ ಎಂದರೆ ಹೂತ ಜಾಗದ ಮೇಲಿನ ಮಣ್ಣು. ಶವಪೆಟ್ಟಿಗೆ ಊರಿಗೆ ಬಂದಿದ್ದರೆ ಗುಡ್ಡೆ ಯಾಕಿಲ್ಲ? ಈ ಪ್ರಶ್ನೆ ಆಗಲೇ ಏಳಬೇಕಿತ್ತು. ಅವಳ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಾನಾಗಲೇ ಮನಸ್ಸಿನಲ್ಲಿ ಅರ್ಜಿ ಬರೆಯಲು ಶುರುಮಾಡಿದ್ದೆ.

ಅರ್ಜಿಯ ನಮೂನೆಯಲ್ಲಿ ಹೆಸರು, ಊರು, ಯಾವ ಯುದ್ಧ, ಸತ್ತ ಸ್ಥಳ, ಸಾಕ್ಷಿ ಎಂಬ ಕಾಲಮ್ಮುಗಳಿದ್ದವು. ಯಾವ ಯುದ್ಧ ಎಂಬುದಕ್ಕೆ ನಾನು ನಾಲ್ಕು ಹಾಳೆ ಬರೆದು ಲಗತ್ತಿಸಿದೆ. ಸಾಕ್ಷಿ ಎಂಬಲ್ಲಿ ನನ್ನ ಹೆಸರು ಹಾಕಿ, ಮೃತನ ಪಾರ್ಥಿವ ಶರೀರ ಸೇನಾ ಗೌರವದೊಂದಿಗೆ ಬೀರೂರು ನಿಲ್ದಾಣಕ್ಕೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದು ಬರೆದು ಸಹಿ ಮಾಡಿದೆ. ಆ ಸಾಲು ಬರೆಯುವಾಗ ಕಣ್ಣು ತೇವವಾಗಿತ್ತು ಎಂದು ಬೇರೆ ನೆನಪು.

ಕಲ್ಲು ನಿಲ್ಲಿಸುವ ಸಮಿತಿಯ ಸಭೆ ಕಡೂರಿನಲ್ಲಿ, ಒಂದು ಅಂಗಡಿ ಸಾಲಿನ ಮಹಡಿಯ ಮೇಲೆ. ಅಧ್ಯಕ್ಷರು ಊರಿನ ದೊಡ್ಡ ಮನುಷ್ಯರು, ಕಲ್ಲಿನ ಕೆಲಸಕ್ಕೆ ಮುಂದಾಳು. ಅವರ ಸುತ್ತ ಐದಾರು ಜನ. ಮೂಲೆಯಲ್ಲಿ ನಿವೃತ್ತ ಸುಬೇದಾರರೊಬ್ಬರು, ಒಂದು ಕಾಲನ್ನು ಮುಂದಕ್ಕೆ ಚಾಚಿ ಕೂತಿದ್ದರು. ಮೇಜಿನ ಮೇಲೆ ಕಲ್ಲಿನ ನಕ್ಷೆ ಹಾಸಿತ್ತು. ನಾನೂ ಅವನ ತಂಗಿಯೂ ಎದುರಿನ ಬೆಂಚಿನಲ್ಲಿ.

ಅಧ್ಯಕ್ಷರು ನನ್ನ ಹಾಳೆಗಳನ್ನು ಎತ್ತಿ ತೂಕ ನೋಡುವಂತೆ ಕೈಯಲ್ಲಿ ಆಡಿಸಿದರು. "ಮೇಷ್ಟ್ರೇ, ಇದು ಅರ್ಜಿನೋ, ಪರೀಕ್ಷೆ ಗೈಡೋ?"

ಎಲ್ಲರೂ ನಕ್ಕರು.

"ಯುದ್ಧದ ಹೆಸ್ರು ಒಂದು ಬರೀರಿ ಅಂದ್ರೆ ಇಡೀ ಪುರಾಣ ಬರ್ದಿದೀರಲ್ಲ. ನೋಡಿ, ಚೀನಾ ಒಂದು, ಪಾಕಿಸ್ತಾನ ಎರಡು, ಆಮೇಲೆ ಕಾರ್ಗಿಲ್. ಇವೆಲ್ಲ ಯುದ್ಧ. ಇದೇನು? ಅವರ ದೇಶದವರು ಅವರವರೇ ಹೊಡೆದಾಡ್ಕೊಂಡ್ರು. ಒಳಜಗಳ. ಬಿಡ್ಸಕ್ಕೆ ಹೋದೋನಿಗೆ ಏಟು ಬಿತ್ತು. ಪಾಪ ನಿಜ. ಆದ್ರೆ ಯುದ್ಧ ಅನ್ನಕ್ಕಾಯ್ತದಾ?"

"ರಾವಣನ ಕಾಲದಿಂದ್ಲೂ ಆ ಊರಿನ ಸಹವಾಸ ನಮಗೆ ಆಗ್ಬರಲ್ಲ ಬಿಡಿ," ಎಂದ ಇನ್ನೊಬ್ಬ. ಮತ್ತೆ ನಗು.

ನನಗೆ ಮೈ ಉರಿಯಿತು. ಎದ್ದು ನಿಂತೆ. ಆ ದಿನ ಹೇಳಿದ್ದೆಲ್ಲ ಇದೇ ಕ್ರಮದಲ್ಲಿ ಹೇಳಿದೆನೋ ಇಲ್ಲವೋ, ಆದರೆ ಹೇಳಬೇಕೆಂದಿದ್ದದ್ದು ಇದು. ಒಳಜಗಳ ಎನ್ನುವುದು ಒಳಗೇ ಹುಟ್ಟಿ ಒಳಗೇ ಸಾಯುವುದಿಲ್ಲ. ಆ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಟೀ ತೋಟದಲ್ಲಿ ತಲೆಮಾರುಗಳಿಂದ ದುಡಿದ ತಮಿಳರ ಪೌರತ್ವ ಹೋಯಿತು. ಅವರನ್ನು ಅಲ್ಲಿಗೆ ಸಾಗಿಸಿದ್ದು ಬ್ರಿಟಿಷರು. ಆಮೇಲೆ ಇವರನ್ನು ಯಾರು ಇಟ್ಟುಕೊಳ್ಳಬೇಕೆಂದು ಚೌಕಾಸಿ ಮಾಡಿದ್ದು ಕೊಲಂಬೊ ಮತ್ತು ದೆಹಲಿ, ದನದ ಸಂತೆಯಲ್ಲಿ ಮಾಡುವಂತೆ. ಮುಂದೆ ಸಿಂಹಳ ಒಂದೇ ಆಡಳಿತ ಭಾಷೆ ಎಂಬ ಕಾನೂನು ಬಂತು. ವಿಶ್ವವಿದ್ಯಾಲಯಕ್ಕೆ ಸೇರಲು ತಮಿಳು ಹುಡುಗನಿಗೆ ಸಿಂಹಳ ಹುಡುಗನಿಗಿಂತ ಹೆಚ್ಚು ಅಂಕ ಬೇಕೆಂಬ ನಿಯಮ ಬಂತು. ಜಾಫ್ನಾದ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. 1983ರಲ್ಲಿ ರಾಜಧಾನಿಯ ಬೀದಿಗಳಲ್ಲೇ ತಮಿಳರನ್ನು ಹುಡುಕಿ ಕೊಂದರು. ಇಷ್ಟಾದ ಮೇಲೆ ಹುಡುಗರು ಬಂದೂಕು ಹಿಡಿದರೆ ಆ ಬಂದೂಕು ಬಂದದ್ದೆಲ್ಲಿಂದ?

"ಎಲ್ಲಿಂದ?" ಎಂದರು ಅಧ್ಯಕ್ಷರು, ಬಿಸ್ಕತ್ತು ಮುರಿಯುತ್ತಾ.

"ನಮ್ಮಿಂದ ಸ್ವಾಮಿ! ನಮ್ಮ ನೆಲದಲ್ಲೇ ಶಿಬಿರ ಹಾಕಿ, ಗುಂಡು ಹೊಡೆಯೋದು, ನೆಲಬಾಂಬ್ ಹುಗಿಯೋದು ಕಲಿಸಿ ಕಳಿಸಿದ್ದು ನಾವು. ಕೊಲಂಬೊದವರು ಇಸ್ರೇಲಿನಿಂದ ತರಬೇತಿ ತಗೊಂಡ್ರು, ಪಾಕಿಸ್ತಾನದಿಂದ ಮದ್ದುಗುಂಡು ತಗೊಂಡ್ರು. ತ್ರಿಂಕೋಮಲಿ ಬಂದರು ಅಮೆರಿಕದವರ ಕೈಗೆ ಹೋಗಿಬಿಟ್ಟೀತು ಅಂತ ನಮ್ಮವರಿಗೆ ಹೆದರಿಕೆ. ಇಷ್ಟು ಜನ ಕೈಯಾಡಿಸಿದ್ದು ಒಳಜಗಳ ಹೆಂಗಾಯ್ತದೆ?"

ನಾನು ನಿಲ್ಲಿಸಲಿಲ್ಲ. 1987ರ ಜೂನಿನಲ್ಲಿ ನಮ್ಮ ವಿಮಾನಗಳು ಜಾಫ್ನಾದ ಮೇಲೆ ಆಹಾರದ ಮೂಟೆ ಉದುರಿಸಿದವು. ಜುಲೈನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಯಾರ ಪರವಾಗಿ ಒಪ್ಪಂದವೋ ಅವರ ಸಹಿ ಅದರಲ್ಲಿ ಇರಲಿಲ್ಲ. ಶಾಂತಿಪಡೆ ಇಳಿದಾಗ ಅಲ್ಲಿನ ಜನ ಹೂವಿನ ಹಾರ ಹಾಕಿದರು. ಅಕ್ಟೋಬರ್ ಹೊತ್ತಿಗೆ ಅದೇ ಪಡೆ ಅದೇ ಜನರ ಬೀದಿಗಳಲ್ಲಿ, ನಾವೇ ಕಲಿಸಿದ ಹುಡುಗರ ಎದುರು ಗುಂಡು ಹಾರಿಸುತ್ತಿತ್ತು. ನಾವೇ ಕಲಿಸಿದ ನೆಲಬಾಂಬಿನ ಮೇಲೆ ನಮ್ಮವರೇ ಕಾಲಿಟ್ಟರು. ಆಮೇಲೆ ಕೊಲಂಬೊಗೆ ಹೊಸ ಸರ್ಕಾರ ಬಂದು, ನಮ್ಮನ್ನು ಓಡಿಸಲು ಆ ಹುಡುಗರಿಗೇ ಗುಟ್ಟಾಗಿ ಆಯುಧ ಕೊಟ್ಟಿತು. 1990ರಲ್ಲಿ ಕೊನೆಯ ಹಡಗು ವಾಪಸು ಬಂದಾಗ ನಮ್ಮ ದಡದಲ್ಲೇ ಸ್ವಾಗತಿಸಲು ಹಿಂದೆ ಮುಂದೆ ನೋಡಿದವರಿದ್ದರು. ಅಜ್ಜಂಪುರದ ಒಬ್ಬ ಹುಡುಗನನ್ನು ಎಷ್ಟು ಸರ್ಕಾರಗಳು ಸೇರಿಕೊಂಡು ಕೊಂದವು ಎಂದು ಎಣಿಸಿ ನೋಡಿ ಎಂದೆ.

"ಕೊಲಂಬೊ ಪಕ್ಕದಲ್ಲಿ ಆ ದೇಶದವರೇ ನಮ್ಮ ಸೈನಿಕರಿಗೆ ಕಲ್ಲು ನಿಲ್ಲಿಸಿದಾರೆ," ಎಂದೂ ಸೇರಿಸಿದೆ.

"ಅಲ್ಲೇ ಇದೆಯಲ್ಲ, ಮತ್ತೆ ಇಲ್ಲಿ ಇನ್ನೊಂದು ಯಾಕ್ರೀ?" ಎಂದರು ಅಧ್ಯಕ್ಷರು.

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಸುಬೇದಾರರು ಆಗ ನನ್ನ ಅರ್ಜಿಯ ಕೊನೆಯ ಹಾಳೆ ತರಿಸಿಕೊಂಡರು. ಕನ್ನಡಕ ಏರಿಸಿ ಎರಡು ಸಲ ಓದಿದರು.

"ಮೇಷ್ಟ್ರೇ, ಬಾಡಿ ಬೀರೂರಿಗೆ ಬಂತು ಅಂತ ಬರ್ದಿದೀರಿ. ನೀವೇ ನೋಡಿದ್ರಾ?"

"ನೋಡಿದ್ದೀನಿ."

"ಫ್ಲಾಗ್ ಹೊದ್ಸಿತ್ತಾ?"

"ಹೊದಿಸಿತ್ತು."

ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು. ದನಿ ಏರಿಸಲಿಲ್ಲ. "ನಾನೂ ಅಲ್ಲಿದ್ದೆ ಕಣ್ರೀ, ಈ ಕಾಲು ಅಲ್ಲೀದೇ. ಆ ತಿಂಗ್ಳಲ್ಲಿ ಸತ್ತೋರ್ನ ಅಲ್ಲೇ ಸುಟ್ವಿ. ಟೈರು, ತೆಂಗಿನ ಕೊರಡು, ಏನ್ ಸಿಕ್ತೋ ಅದ್ರಲ್ಲಿ. ಮನೆಗೆ ಬಾಡಿ ಕಳ್ಸೋದು ಕಾರ್ಗಿಲ್ ಟೈಮಿಂದ ಬಂದಿದ್ದು. ನಿಮಗೆ ಯಾವ್ದೋ ಬೇರೆ ನೆನಪಿರ್ಬೇಕು."

ನಾನು ತಂಗಿಯ ಕಡೆ ನೋಡಿದೆ, ಅವಳು ಹೌದು ಅನ್ನಲಿ ಎಂದು. ಅವಳು ನನ್ನನ್ನು ಹಿಂದೆಂದೂ ನೋಡದವಳಂತೆ ನೋಡುತ್ತಿದ್ದಳು.

ಅಧ್ಯಕ್ಷರಿಗೆ ಅಷ್ಟೇ ಸಾಕಾಗಿತ್ತು. "ಸಾಕ್ಷಿನೇ ಹಿಂಗಾದ್ರೆ ಏನ್ಮಾಡಣ ಹೇಳಿ? ನಾಳೆ ಯಾರಾದ್ರೂ ತಕರಾರು ತೆಗೆದ್ರೆ ನಮ್ಮ ತಲೆಗೆ ಬತ್ತದೆ. ಸದ್ಯಕ್ಕೆ ಪಕ್ಕಕ್ಕಿಡಣ." ಹಾಳೆಗಳನ್ನು ಒಟ್ಟು ಮಾಡಿ ಅದರ ಮೇಲೆ ಟೀ ಲೋಟ ಇಟ್ಟರು.

ಬಸ್ ಸ್ಟ್ಯಾಂಡಿನವರೆಗೂ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಅಲ್ಲಿ ತಿರುಗಿ ನಿಂತಳು.

"ಹೆಣ ಬಂತು ಅಂತ ಬರಿ ಅಂತ ನಿಂಗ್ಯಾರು ಹೇಳಿದ್ರು?"

"ನಂಗೆ ಹಾಗೆ ನೆನಪಿತ್ತು ಕಣಮ್ಮಾ..."

"ನೆನಪಿತ್ತಂತೆ! ಬಂದಿದ್ರೆ ನಮ್ಮವ್ವ ಸಾಯಾತನ್ಕ ಬಾಗ್ಲು ಕಡೆ ಮಕ ಮಾಡ್ಕಂಡು ಕೂರ್ತಿತ್ತಾ? ಮಕ ನೋಡಿಲ್ಲ, ಮಣ್ಣು ಹಾಕಿಲ್ಲ, ಎಲ್ಲೋ ತೆಪ್ಪಿಸ್ಕಂಡು ಇರ್ಬೇಕು ನನ್ ಮಗ ಅಂತ ಇಪ್ಪತ್ತು ವರ್ಸ ರೊಟ್ಟಿ ಮಿಗ್ಸಿ ಇಡ್ತು. ನೀನು ಪೆನ್ ತಗಂಡು ಒಂದ್ ಗೆರೇಲಿ ಹೆಣ ತರ್ಸಿಬಿಟ್ಟೆ. ಓದಿರೋನು ನೀನು!"

ಬಸ್ಸಿಗೆ ಕಾಯುತ್ತಿದ್ದವರು ನಮ್ಮನ್ನೇ ನೋಡುತ್ತಿದ್ದರು. ಅಧ್ಯಕ್ಷರ ಮೇಲೆ ಏರಿದ್ದ ಸಿಟ್ಟು ತಿರುಗಿ ನನ್ನ ಮೇಲೇ ಬಂದು ಕೂತಿತು. ಆ ಮನುಷ್ಯ ಒಂದು ಸಾವಿಗೆ ಜಾಗ ಇಲ್ಲ ಎಂದ. ನಾನು ಆ ಸಾವನ್ನೇ ತೆಗೆದು, ನೋಡಲು ಲಕ್ಷಣವಾದ ಇನ್ನೊಂದನ್ನು ಅಲ್ಲಿ ಕೂರಿಸಿದ್ದೆ.

ಮನೆಗೆ ಬಂದು ಯೋಚಿಸಿದೆ. ಧ್ವಜ, ಬೂಟು, ಹೆಗಲು ಕೊಟ್ಟ ನಾಲ್ವರು, ಇವೆಲ್ಲ 1999ರಲ್ಲಿ ಕಾರ್ಗಿಲ್ ಸಮಯದಲ್ಲಿ ವಾರಗಟ್ಟಲೆ ಟೀವಿಯಲ್ಲಿ ನೋಡಿದ್ದು. ತರೀಕೆರೆಯ ಬಾಡಿಗೆ ಮನೆಯಲ್ಲಿ ಕೂತು ಅದನ್ನು ನೋಡುವಾಗ ನನಗೆ ಅವನ ನೆನಪಾಗಿರಬೇಕು. ಯಾರದೋ ಮೆರವಣಿಗೆಯನ್ನು ಅವನಿಗೆ ತೊಡಿಸಿರಬೇಕು. ಅವನಿಗೆ ಯಾರೂ ಕೊಡದ ಗೌರವವನ್ನು ನಾನಾದರೂ ಕೊಟ್ಟೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ಹೇಳಿಕೊಳ್ಳುವುದಿಲ್ಲ. ಗೌರವ ಸಿಗಲಿಲ್ಲ ಎಂಬ ಸತ್ಯವನ್ನೇ ಆ ನೆನಪು ಮುಚ್ಚಿಹಾಕಿತು. ಇಷ್ಟು ವರ್ಷ ನಾನು ನಿಶ್ಚಿಂತೆಯಿಂದ ಇದ್ದದ್ದು ಅದರಿಂದಲೇ ಇರಬೇಕು. ಶವ ಬಂತು, ಧ್ವಜ ಬಂತು, ಸರ್ಕಾರ ತನ್ನ ಕೆಲಸ ಮಾಡಿತು, ಮುಗಿಯಿತು!

ಹದಿನೈದು ದಿನ ಬಿಟ್ಟು ಯಗಟಿಗೆ ಹೋದೆ. ಅವಳು ಕುರಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಜ್ಜಿಗೆ ತಂದಿಟ್ಟಳು.

"ಬೀರೂರಿಗೆ ಏನು ಬಂತು, ನೀನೇ ಹೇಳು," ಎಂದೆ.

"ಟ್ರಂಕು. ಕರೀದು. ಶಿವರಾತ್ರಿ ಆಸುಪಾಸು. ರೈಲ್ವೆ ಪಾರ್ಸೆಲ್ಲಲ್ಲಿ ಬಂತು. ಅಪ್ಪಂಗೆ ಓದಕ್ ಬರಲ್ಲ ಅಂತ ನೀನೂ ಜತೇಲಿ ಹೋಗಿದ್ದೆ ಅಂತ ಅವ್ವ ಹೇಳ್ತಿತ್ತು. ನೀನು ಹೋಗಿದ್ಯೋ ಇಲ್ವೋ ನಂಗೆ ಗೊತ್ತಿಲ್ಲ. ಟ್ರಂಕು ಮಾತ್ರ ಅಲ್ಲೈತೆ ನೋಡು."

ಅದು ಒಳಗಿನ ಗೋಡೆಯ ಬದಿ ಇತ್ತು, ಮೇಲೆ ಹಾಸಿಗೆ ಬಟ್ಟೆ ಪೇರಿಸಿತ್ತು. ಅದನ್ನು ನೋಡಿದರೆ ಏನಾದರೂ ನೆನಪಾದೀತೆಂದು ಕಾದೆ. ಏನೂ ಆಗಲಿಲ್ಲ. ಮುಚ್ಚಳ ತೆಗೆದು ಅವಳು ಒಂದು ಇನ್‌ಲ್ಯಾಂಡ್ ಪತ್ರ ಕೊಟ್ಟಳು. ಅಕ್ಷರ ಅವನದೇ, ಆ ಉದ್ದ ಬಾಲದ ಅಕ್ಷರ ಬರೆದು ಶಾಲೆಯಲ್ಲಿ ಇಬ್ಬರೂ ಒಟ್ಟಿಗೆ ಏಟು ತಿಂದಿದ್ದೆವು. ಇನ್ನೂ ಗುಂಡು ಹಾರದ ದಿನಗಳಲ್ಲಿ ಅಪ್ಪನಿಗೆ ಬರೆದದ್ದು:

"ಇಲ್ಲಿ ಮಣ್ಣು ಕೆಂಪಗೆ ಐತೆ. ಬಾವಿ ನೀರಲ್ಲಿ ಈರುಳ್ಳಿ ಬೆಳೀತಾರೆ. ನಮ್ಮಂಗೆ ಬೀಜ ಎರಚಲ್ಲ, ಸಣ್ಣ ಗಡ್ಡೇನೇ ಊರ್ತಾರೆ. ಒಬ್ಬ ಅಜ್ಜ ನಂಗೆ ನೀರು ಕೊಟ್ಟ. ನಮ್ಮ ಮನೇಲೂ ಈರುಳ್ಳಿ ಅಂದೆ. ಅವ್ನು ಅಂದ, ನಿಮ್ಮ ದೇಶದ ಈರುಳ್ಳಿ ಹಡಗಲ್ಲಿ ಬಂದು ನಮ್ಮದು ತಿಪ್ಪೆಗೆ ಹೋಯ್ತು, ನನ್ನ ಮಗ ಹೊಲ ಬಿಟ್ಟು ಕಾಡು ಸೇರಿದ ಅಂತ. ಬೈತಾನೆ ಅನ್ಕಂಡೆ, ಬೈಲಿಲ್ಲ. ಒಂದು ಹಿಡಿ ಬಿತ್ತನೆ ಗಡ್ಡೆ ಕೊಟ್ಟ. ರಜಕ್ಕೆ ಬರುವಾಗ ತರ್ತೀನಿ."

ನನ್ನ ಎಂ.ಎ. ಟಿಪ್ಪಣಿಯಲ್ಲಿ ಇದು ಒಂದು ಸಾಲು: ಹೊರಗಿನ ಮಾಲು ಬರದಂತೆ ತಡೆದಿದ್ದ ಕಾಲದಲ್ಲಿ ಈರುಳ್ಳಿ ಮೆಣಸಿನಕಾಯಿ ಬೆಳೆದು ಚೇತರಿಸಿಕೊಂಡಿದ್ದ ಜಾಫ್ನಾದ ರೈತರು 1977ರ ನಂತರ ಆಮದು ಮುಕ್ತವಾದಾಗ ಪೆಟ್ಟು ತಿಂದರು. ಆರ್ಥಿಕ ಕಾರಣ ಎಂಬ ಶೀರ್ಷಿಕೆಯ ಕೆಳಗೆ ಬರೆದು, ಅಡಿಗೆರೆ ಎಳೆದಿದ್ದೆ. ಅದೇ ವರ್ಷಗಳಲ್ಲಿ ನಮ್ಮಪ್ಪ ಅಜ್ಜಂಪುರದ ಮಂಡಿಯಿಂದ ಬಂದು, "ನಮ್ಮ ಮಾಲು ಲಂಕೆಗೆ ಹೋಗ್ತೈತಂತೆ ಕಣೋ," ಎಂದು ಹೆಮ್ಮೆಯಿಂದ ಹೇಳಿದ್ದೂ ನೆನಪಿದೆ. ನಮ್ಮ ಹೊಲದ ಗಡ್ಡೆಯೇ ಅಲ್ಲಿಗೆ ಹೋಯಿತೆಂದು ನಾನು ಪ್ರಮಾಣ ಮಾಡಲಾರೆ; ಮಂಡಿಯವರ ಬಾಯಿಮಾತು ಅದು. ಆದರೆ ಆ ಸಾಲನ್ನೂ ಅಪ್ಪನ ಮಾತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಬುದ್ಧಿ ನನಗೆ ಒಂದು ದಿನವೂ ಬರಲಿಲ್ಲ. ನೀರು ಕೊಟ್ಟವನ ಮುಂದೆ ಕೂತು, ಎಸ್ಸೆಸ್ಸೆಲ್ಸಿ ಓದಿದ ಅವನು ಅದನ್ನು ಅರ್ಧ ಗಂಟೆಯಲ್ಲಿ ತಿಳಿದುಕೊಂಡಿದ್ದ. ಅಂತರರಾಷ್ಟ್ರೀಯ ಆಯಾಮ ಎಂದು ನಾನು ಬರೆದದ್ದು ನಮ್ಮ ಬದುವಿನ ಮೇಲೇ ಇತ್ತು.

"ಗಡ್ಡೆ ಬಂತಾ ಟ್ರಂಕಲ್ಲಿ?" ಎಂದು ಕೇಳಿದೆ.

"ಬಂತು. ಒಂದು ಬಟ್ಟೆ ಚೀಲ್ದಾಗೆ. ಅರ್ಧ ಒಣಗಿದ್ವು, ಅರ್ಧ ಮೊಳ್ತಿದ್ವು. ಹಾಲು ತುಪ್ಪ ಬಿಡಕ್ಕೆ ಗುಡ್ಡೆ ಇಲ್ವಲ್ಲ ಅಂತ ಅಪ್ಪ ಹೊಲದ ಮೂಲೇಲಿ ಒಂದು ಮಡಿ ಮಾಡಿ ಅದನ್ನ ಊರ್ತು. ಅದ್ರ ಮೇಲೇ ಹಾಲು ತುಪ್ಪ ಬಿಟ್ವಿ."

ನಮ್ಮ ಕಡೆ ಹೂತವರ ಗುಡ್ಡೆಯ ಮೇಲೆ ಹಾಲು, ತುಪ್ಪ ಬಿಡದೆ ಸತ್ತವರ ಕೆಲಸ ಮುಗಿಯುವುದಿಲ್ಲ. ಗುಡ್ಡೆಯೇ ಇಲ್ಲದ ಮನೆಯವರು ಶತ್ರುವಿನ ಅಪ್ಪ ಕೊಟ್ಟ ಈರುಳ್ಳಿ ಮಡಿಯನ್ನು ಗುಡ್ಡೆ ಮಾಡಿಕೊಂಡರು. ಅದನ್ನು ಕೇಳುತ್ತಲೇ ನನಗೆ ಅನುಮಾನವೂ ಬಂತು. ಸತ್ತವನ ಸಾಮಾನು ಕಟ್ಟುವ ಸೇನೆಯ ಗುಮಾಸ್ತ ಈರುಳ್ಳಿಯನ್ನು ಯಾಕೆ ಕಟ್ಟುತ್ತಾನೆ? ಪತ್ರದಲ್ಲಿ ಓದಿದ್ದನ್ನು ಇವರು ಟ್ರಂಕಿನಲ್ಲಿ ಕಂಡಂತೆ ನೆನೆದಿರಬಹುದಲ್ಲ, ನಾನು ಟೀವಿಯಲ್ಲಿ ನೋಡಿದ್ದನ್ನು ಬೀರೂರಿನಲ್ಲಿ ಕಂಡಂತೆ?

"ನಂಬಲ್ಲ ನೀನು," ಎಂದಳು, ನನ್ನ ಮುಖ ನೋಡಿ.

"ನಂಬಲ್ಲ ಅಂತಲ್ಲ..."

"ಬಿಡು. ಹೆಣ ಬಂತು ಅಂತ ನಂಬಿದ್ದೆ, ಈರುಳ್ಳಿ ಬಂತು ಅಂದ್ರೆ ನಂಬಲ್ಲ. ನಿಂದೂ ಒಂದು ಓದು!"

ಎರಡನೇ ಅರ್ಜಿಯನ್ನು ಅವಳೇ ಬರೆದಳು. ಆರು ಸಾಲು. ನಮ್ಮಣ್ಣ ಲಂಕೆಗೆ ಹೋದ, ಅಲ್ಲಿ ಸತ್ತ, ಅಲ್ಲೇ ಸುಟ್ಟರು, ಟ್ರಂಕು ಬಂತು, ಹೆಸರು ಹಾಕಿ. ಜೊತೆಗೆ ಸತ್ತ ಸುದ್ದಿ ತಿಳಿಸಿದ್ದ ಸೇನೆಯ ಕಾಗದ. ನನ್ನ ಸಾಕ್ಷಿ ಬೇಡ ಎಂದಳು. ಬೇಕಾದರೆ ಜೊತೆಗೆ ಬಂದು ಸುಮ್ಮನೆ ಕೂತುಕೋ ಎಂದಳು.

ಆ ಸಭೆಗೆ ಸುಬೇದಾರರು ತಮ್ಮ ಫೋನು ಹಿಡಿದು ತಯಾರಾಗಿ ಬಂದಿದ್ದರು. ದೆಹಲಿಯ ಯುದ್ಧ ಸ್ಮಾರಕದ ಗೋಡೆಯ ಮೇಲೆ ಅವನ ಹೆಸರು ಇದೆ ಎಂದು ತೋರಿಸಿದರು. "ಕೊಲಂಬೊದಲ್ಲಿ ಜಾಗ ಐತೆ, ದಿಲ್ಲೀಲಿ ಜಾಗ ಐತೆ, ಕಡೂರಲ್ಲಿ ಮಾತ್ರ ಇಲ್ಲ ಅಂದ್ರೆ ನಗ್ತಾರೆ ಸ್ವಾಮಿ."

ಅಧ್ಯಕ್ಷರು ಫೋನನ್ನು ಹತ್ತಿರ, ದೂರ ಹಿಡಿದು ನೋಡಿ ಕೊನೆಗೆ ಒಪ್ಪಿದರು. "ಸರಿ ಬಿಡಿ. ಇತರೆ ಅಂತ ಒಂದು ತಲೆಬರಹ ಹಾಕಿ ಕೆಳಗೆ ಸೇರಿಸಣ."

ಇತರೆ! ತಿಂಗಳ ಸಾಮಾನಿನ ಚೀಟಿಯಲ್ಲಿ ಉಪ್ಪು, ಬೆಂಕಿಪೊಟ್ಟಣಕ್ಕೆ ಹಾಕುವ ತಲೆಬರಹ. ನಾನು ಬಾಯಿ ತೆರೆದೆ. ಅವಳು ನನ್ನ ತೋಳು ಹಿಡಿದು ಒತ್ತಿದಳು.

"ಇತರೆ ಅಂತ ಹಾಕೋದಾದ್ರೆ ಬ್ಯಾಡ ಸ್ವಾಮಿ," ಎಂದಳು. "ಯುದ್ಧ ಅಂತಲೂ ಹಾಕ್ಬ್ಯಾಡಿ. ಅದೇನು ಅಂತ ನಿಮಗೂ ಗೊತ್ತಿಲ್ಲ, ಕಳ್ಸಿದೋರಿಗೂ ಗೊತ್ತಿರ್ಲಿಲ್ಲ. ಅವ್ನ ಹೆಸ್ರು, ಹುಟ್ಟಿದ ಊರು, ಸತ್ತ ಊರು. ಅಷ್ಟು ಸಾಕು."

"ಜಾಗ ಇಲ್ವಲ್ಲಮ್ಮಾ, ನಕ್ಷೆ ಆಗ್ಬಿಟ್ಟೈತೆ."

ನಾನು ಆಗ ನಕ್ಷೆಯನ್ನು ಸರಿಯಾಗಿ ನೋಡಿದೆ. ಸತ್ತವರ ಹೆಸರುಗಳು ಮೇಲೆ, ಸಣ್ಣ ಅಕ್ಷರದಲ್ಲಿ. ಕೆಳಗೆ ಅರ್ಧದಷ್ಟು ಕಲ್ಲು ಸಮಿತಿಯವರ ಮತ್ತು ದಾನಿಗಳ ಹೆಸರಿಗೆ, ಅಧ್ಯಕ್ಷರದು ಎಲ್ಲಕ್ಕಿಂತ ದಪ್ಪ. ಬದುಕಿರುವವರು ಸತ್ತವರಿಗಿಂತ ದೊಡ್ಡ ಅಕ್ಷರದಲ್ಲಿ! ನಾನು ಬೆರಳಿಟ್ಟು ತೋರಿಸಿದೆ, ಏನೂ ಹೇಳಲಿಲ್ಲ. ಸುಮ್ಮನೆ ಕೂತುಕೋ ಎಂದಿದ್ದಳಲ್ಲ.

ಸುಬೇದಾರರು ಬಗ್ಗಿ ನೋಡಿದರು. ಸಮಿತಿಯ ಪಟ್ಟಿಯಲ್ಲಿ ಮೊದಲನೆಯದೇ ಅವರ ಹೆಸರು, ಹುದ್ದೆಯ ಸಮೇತ ಒಂದು ಪೂರ್ತಿ ಸಾಲು. ಜೇಬಿನಿಂದ ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದರು. "ಈಗ ಆಯ್ತಲ್ಲ ಜಾಗ?" ಎಂದರು. ಅಧ್ಯಕ್ಷರು ಟೀ ತರಿಸಿದರು.

ಕಲ್ಲು ನಿಂತಿದೆ. ಸೈನಿಕರ ಪಟ್ಟಿಯ ಕೊನೆಯಲ್ಲಿ ಅವನ ಹೆಸರಿದೆ. ಅದರ ಮುಂದೆ ಅಜ್ಜಂಪುರ, ಜಾಫ್ನಾ ಎಂಬ ಎರಡು ಊರುಗಳಿವೆ. ತಲೆಬರಹ ಇಲ್ಲ. ಆ ವರ್ಷದ ಎಡೆಯನ್ನು ಅವನ ತಂಗಿ ಅಲ್ಲಿಗೇ ತಂದಿಟ್ಟಳು: ರಾಗಿ ರೊಟ್ಟಿ, ಅದರ ಪಕ್ಕದಲ್ಲಿ ಸಿಪ್ಪೆ ಬಿಡಿಸದ ಒಂದು ಈರುಳ್ಳಿ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಇದೇನು ಎಂಬಂತೆ ನಿಂತು ನೋಡಿದ. ಅವಳು ಅವನಿಗೆ ವಿವರಿಸುವ ಗೋಜಿಗೆ ಹೋಗಲಿಲ್ಲ.

ನನಗೆ ಮಾತ್ರ ಬೀರೂರು ಬಿಡಲಿಲ್ಲ. ಸುಬೇದಾರರಿಂದ ವಿಳಾಸ ಪಡೆದು ಸೇನೆಯ ದಾಖಲೆ ಕಚೇರಿಗೆ ಬರೆದೆ. ಉತ್ತರ ಬಾರದಾಗ ಅವಳ ಸಹಿ ಹಾಕಿಸಿ ಮತ್ತೆ ಬರೆದೆ. ತಿಂಗಳುಗಳ ನಂತರ ಒಂದು ಹಾಳೆಯ ನಕಲು ಬಂತು, ಮೃತನ ಸಾಮಾನು ಮನೆಯವರಿಗೆ ತಲುಪಿದ್ದಕ್ಕೆ ಕೊಟ್ಟ ರಸೀದಿ. ಇಂಗ್ಲಿಷಿನಲ್ಲಿ ಟೈಪು ಮಾಡಿದ ಪಟ್ಟಿ: ಟಿನ್ ಟ್ರಂಕು ಒಂದು, ಕಂಬಳಿ ಎರಡು, ಕೈಗಡಿಯಾರ ಒಂದು, ಪತ್ರಗಳು, ಹೀಗೆ. ಹನ್ನೊಂದನೆಯ ಸಾಲಿನಲ್ಲಿ, ಸಣ್ಣ ಈರುಳ್ಳಿ ಇರುವ ಬಟ್ಟೆ ಚೀಲ ಒಂದು. ಪಟ್ಟಿಯ ಕೆಳಗೆ ಅವನ ಅಪ್ಪನ ಹೆಬ್ಬೆಟ್ಟು. ಅದರ ಪಕ್ಕದಲ್ಲಿ, ಮೇಲಿನ ಎಲ್ಲ ವಸ್ತುಗಳನ್ನು ಬೀರೂರಿನಲ್ಲಿ ತೆರೆದು ನೋಡಿದ್ದೇನೆ ಎಂಬ ಒಕ್ಕಣೆಯ ಕೆಳಗೆ, ಸಾಕ್ಷಿಯಾಗಿ ನನ್ನ ಸಹಿ.